ಯಂತ್ರ ಯಾಕೆ ಕಾಯಿಸುತ್ತದೆ? ಹಾಲಿನ ಚೀಟಿ ಮತ್ತು ದೂರದ ಕಂಪ್ಯೂಟರ್



ಬೆಳಿಗ್ಗೆ ಆರೂವರೆ ಗಂಟೆ. ಕರೆದ ಹಾಲು ಕ್ಯಾನಿನಲ್ಲಿ ಇನ್ನೂ ಬೆಚ್ಚಗಿದೆ. ಸಂಘದ ಬಾಗಿಲಲ್ಲಿ ನಿಮ್ಮ ಮುಂದೆ ಹದಿನೈದು ಜನ, ಹಿಂದೆ ಇಪ್ಪತ್ತು ಜನ. ನಿಮ್ಮ ಸರದಿ ಬಂತು. ಹಾಲು ಸುರಿದಿರಿ, ತೂಕ ಬಂತು, ಮಾದರಿ ತೆಗೆದರು, ಜಿಡ್ಡಿನಂಶ ಬಂತು, ಎಸ್‌ಎನ್‌ಎಫ್ ಬಂತು. ಇನ್ನೇನು ಚೀಟಿ ಬರಬೇಕು ಅನ್ನುವಷ್ಟರಲ್ಲಿ ಪರದೆಯ ಮೇಲೆ ಸಣ್ಣದೊಂದು ಚಕ್ರ ತಿರುಗುತ್ತಾ ನಿಂತುಬಿಡುತ್ತದೆ. "ಸರ್ವರ್ ತಗೋತಿಲ್ಲ, ಸ್ವಲ್ಪ ತಡೀರಣ್ಣ" ಎನ್ನುತ್ತಾರೆ ಕಾರ್ಯದರ್ಶಿ. "ಇವತ್ತೂ ಅದೇ ರಾಗಾನಾ?" ಎಂದು ಹಿಂದಿನಿಂದ ಒಬ್ಬರು ಕೇಳುತ್ತಾರೆ. ಸ್ಕೂಲಿಗೆ ಹೋಗುವ ಮಗು ಮನೆಯಲ್ಲಿ ಕಾಯುತ್ತಿದೆ, ಶೇಂಗಾ ಹೊಲಕ್ಕೆ ಕೂಲಿಯವರು ಬರುವ ಹೊತ್ತಾಗಿದೆ, ಕ್ಯಾನಿನಲ್ಲಿರುವ ಹಾಲಿಗೂ ಹೊತ್ತಾಗುತ್ತಿದೆ.

ಈ ಚಕ್ರ ತಿರುಗುವುದು ಯಾಕೆ, ಅದನ್ನು ಕಡಿಮೆ ಮಾಡಲು ಆಗುತ್ತದೆಯೇ, ಆಗುವುದಾದರೆ ನಮ್ಮ ಕಡೆಯಿಂದ ಏನು ಕೇಳಬಹುದು ಎಂಬುದನ್ನು ಈ ಸಲ ಸ್ವಲ್ಪ ಬಿಡಿಸಿ ನೋಡೋಣ. ಕಂಪ್ಯೂಟರ್ ವಿಷಯ ಅಂದಾಕ್ಷಣ ಪುಟ ತಿರುಗಿಸಬೇಡಿ. ಬಿಎಂಸಿ ಏಕೆ ಬೇಕು ಎಂದು ತಿಳಿದವರಿಗೆ ಇದು ಅರ್ಧ ತಿಳಿದಿರುವ ವಿಷಯವೇ.

ಹೊತ್ತು ಹೋಗುವುದು ಎಲ್ಲಿ?

ಹಾಲು ಅಳೆಯುವ ಯಂತ್ರದ ಪಕ್ಕದಲ್ಲಿ ಒಂದು ಪುಟ್ಟ ಕಂಪ್ಯೂಟರ್ ಇರುತ್ತದೆ. ಅದು ಫೋನಿನ ಸಿಮ್ ಮೂಲಕವೋ ತಂತಿಯ ಮೂಲಕವೋ ದೂರದ ಊರಿನಲ್ಲಿರುವ ದೊಡ್ಡ ಕಂಪ್ಯೂಟರಿನ ಜೊತೆ ಮಾತಾಡುತ್ತದೆ. ಆ ದೊಡ್ಡದನ್ನೇ ನಾವು ಸರ್ವರ್ ಎನ್ನುವುದು. ಇಲ್ಲಿಂದ ಪ್ರಶ್ನೆ ಹೋಗಿ ಅಲ್ಲಿಂದ ಉತ್ತರ ಬರುವ ತನಕ ಹಿಡಿಯುವ ಸಮಯವನ್ನು ತಂತ್ರಜ್ಞರು ಲೇಟೆನ್ಸಿ ಎನ್ನುತ್ತಾರೆ. ನಾವು 'ಹೋಗಿಬರುವ ಹೊತ್ತು' ಎನ್ನೋಣ.

ಈ ಹೊತ್ತಿಗೆ ದೂರವೊಂದೇ ಕಾರಣವಲ್ಲ. ಗಾಜಿನ ಎಳೆಯ ಕೇಬಲ್ಲಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಓಡುತ್ತದೆ. ಅಂದರೆ ಚಳ್ಳಕೆರೆಯಿಂದ ಬೆಂಗಳೂರಿನವರೆಗಿನ ಸುಮಾರು 200 ಕಿ.ಮೀ. ದಾಟಲು ಅದಕ್ಕೆ ಸೆಕೆಂಡಿನ ಸಾವಿರದಲ್ಲೊಂದು ಭಾಗ ಸಾಕು. ಸರ್ವರ್ ಸಾವಿರ ಕಿ.ಮೀ. ಆಚೆಗಿದ್ದರೂ ಹೋಗಿಬರಲು ಸೆಕೆಂಡಿನ ನೂರರಲ್ಲೊಂದು ಭಾಗ. ಇಷ್ಟಕ್ಕೆ ಯಾರೂ ಗೊಣಗಬೇಕಾಗಿಲ್ಲ.

ಆದರೆ ದಾರಿ ಅಷ್ಟು ನೇರ ಅಲ್ಲ. ತಳುಕಿನಿಂದ ದುರ್ಗಕ್ಕೆ ಬಸ್ಸಿನಲ್ಲಿ ಹೋಗುವವರಿಗೆ ಇದು ಗೊತ್ತು. ಬಸ್ಸು ಓಡುವ ಹೊತ್ತಿಗಿಂತ ಬಸ್ಸಿಗಾಗಿ ನಿಂತ ಹೊತ್ತೇ ಕೆಲವು ದಿನ ಜಾಸ್ತಿ. ನಿಮ್ಮ ಚೀಟಿಯ ಲೆಕ್ಕವೂ ಹಾಗೆಯೇ. ಮೊದಲು ಗಾಳಿಯಲ್ಲಿ ಟವರಿಗೆ ಹೋಗಬೇಕು. ಸಿಗ್ನಲ್ ದುರ್ಬಲವಾಗಿದ್ದರೆ ಅರ್ಧ ಮಾತು ಕಳೆದುಹೋಗುತ್ತದೆ, ಮತ್ತೆ ಹೇಳಬೇಕು. ಟವರಿನಲ್ಲಿ ಊರಿನ ಉಳಿದ ಫೋನುಗಳೆಲ್ಲ ಸಾಲು ನಿಂತಿವೆ. ಅಲ್ಲಿಂದ ಮುಂದೆ ಐದಾರು ಕಡೆ ಕೈ ಬದಲಾಗುತ್ತದೆ. ಕೊನೆಗೆ ಸರ್ವರಿನ ಬಾಗಿಲಲ್ಲೂ ಸಾಲು, ಏಕೆಂದರೆ ನಿಮ್ಮ ಸಂಘದಲ್ಲಿ ಹಾಲು ಸುರಿಯುವ ಹೊತ್ತಿಗೇ ಜಿಲ್ಲೆಯ ಉಳಿದೆಲ್ಲ ಸಂಘಗಳಲ್ಲೂ ಸುರಿಯುತ್ತಿದ್ದಾರೆ. ಹಸುಗಳೆಲ್ಲ ಒಂದೇ ಹೊತ್ತಿಗೆ ಕರೆಸಿಕೊಳ್ಳುತ್ತವೆ, ಅದಕ್ಕೆ ಯಾರೂ ಏನೂ ಮಾಡುವಂತಿಲ್ಲ.

"ನೆಟ್ ಸ್ಪೀಡ್ ಜಾಸ್ತಿ ಇರೋ ಪ್ಯಾಕ್ ಹಾಕಿಸಿದ್ವಿ, ಆದ್ರೂ ಅಷ್ಟೇ" ಎಂದು ಕಾರ್ಯದರ್ಶಿಗಳು ಹೇಳುವುದನ್ನು ಕೇಳಿರುತ್ತೀರಿ. ಅದು ಸುಳ್ಳಲ್ಲ. ಪ್ಯಾಕಿನ ಸ್ಪೀಡ್ ಎಂದರೆ ಟ್ಯಾಂಕರಿನ ಗಾತ್ರ ಇದ್ದ ಹಾಗೆ, ಒಂದು ಸಲಕ್ಕೆ ಎಷ್ಟು ಸಾಗಿಸಬಹುದು ಎಂಬ ಲೆಕ್ಕ. ಟ್ಯಾಂಕರ್ ದೊಡ್ಡದಾದ ಮಾತ್ರಕ್ಕೆ ಶಿವಮೊಗ್ಗ ಹತ್ತಿರ ಬರುವುದಿಲ್ಲ. ನಿಮ್ಮ ಫೋನಿನಲ್ಲಿ ತೆಗೆದ ಒಂದು ಫೋಟೋ ಹಿಡಿಸುವಷ್ಟು ಜಾಗದಲ್ಲಿ ಸಾವಿರಾರು ಚೀಟಿಗಳ ಲೆಕ್ಕ ಹಿಡಿಸುತ್ತದೆ. ಚೀಟಿಗೆ ದೊಡ್ಡ ಟ್ಯಾಂಕರ್ ಬೇಕಿಲ್ಲ. ಅದಕ್ಕೆ ಬೇಕಾದದ್ದು ಕಡಿಮೆ ಓಡಾಟ.

ಒಬ್ಬರ ಹಾಲಿಗೆ ಎಷ್ಟು ಸಲ ಓಡಾಟ?

ಇದೇ ಮುಖ್ಯವಾದ ಪ್ರಶ್ನೆ. ತಂತ್ರಾಂಶವನ್ನು ಅಜಾಗರೂಕತೆಯಿಂದ ಬರೆದಿದ್ದರೆ ಒಬ್ಬ ಉತ್ಪಾದಕರ ಹಾಲಿಗೆ ಅದು ನಾಲ್ಕು ಸಲ ಸರ್ವರನ್ನು ಕೇಳುತ್ತದೆ. "ಈ ಸಂಖ್ಯೆಯ ಸದಸ್ಯರು ಯಾರು?" ಒಂದು ಸಲ. "ಇಷ್ಟು ಜಿಡ್ಡಿಗೆ, ಇಷ್ಟು ಎಸ್‌ಎನ್‌ಎಫ್‌ಗೆ ದರ ಎಷ್ಟು?" ಇನ್ನೊಂದು ಸಲ. "ಇದನ್ನು ಬರೆದುಕೋ" ಮತ್ತೊಂದು. "ಬರೆದುಕೊಂಡೆಯಾ, ಚೀಟಿ ಕೊಡಲೇ?" ಕೊನೆಯದು. ಪ್ರತಿ ಸಲವೂ ಹೋದದ್ದು ಬರುವ ತನಕ ಯಂತ್ರ ಕೈಕಟ್ಟಿ ನಿಂತಿರುತ್ತದೆ.

ಲೆಕ್ಕ ಹಾಕಿ ನೋಡಿ. ಸಂಘದಲ್ಲಿ 120 ಜನ ಹಾಲು ಹಾಕುತ್ತಾರೆ ಎಂದಿಟ್ಟುಕೊಳ್ಳಿ. ಒಂದು ಸಲ ಹೋಗಿಬರಲು 2 ಸೆಕೆಂಡ್ ಎಂದರೆ ಒಬ್ಬರಿಗೆ 8 ಸೆಕೆಂಡ್. 120 ಜನಕ್ಕೆ 960 ಸೆಕೆಂಡ್, ಅಂದರೆ 16 ನಿಮಿಷ. ನೆಟ್‌ವರ್ಕ್ ಕೈಕೊಟ್ಟ ದಿನ ಒಂದು ಓಡಾಟಕ್ಕೆ 5 ಸೆಕೆಂಡ್ ಹಿಡಿಯಿತೆನ್ನಿ, ಆಗ 40 ನಿಮಿಷ. ಇದು ಹಾಲು ಅಳೆಯಲು ಹಿಡಿದ ಸಮಯವಲ್ಲ, ಬರೀ ಉತ್ತರಕ್ಕಾಗಿ ಕಾದ ಸಮಯ.

ಈ 40 ನಿಮಿಷದ ಬೆಲೆ ಏನೆಂದು ನಿಮಗೆ ಹೇಳಬೇಕಿಲ್ಲ. ಬೆಚ್ಚಗಿನ ಹಾಲಿನಲ್ಲಿ ಹಾಲು ಕೆಡಿಸುವ ಬ್ಯಾಕ್ಟೀರಿಯಾಗಳು 20–30 ನಿಮಿಷಕ್ಕೊಮ್ಮೆ ಇಮ್ಮಡಿಯಾಗಬಲ್ಲವು. ಹಾಲನ್ನು ಬೇಗ 4 ಡಿಗ್ರಿಗೆ ಇಳಿಸಬೇಕೆಂದು ನಾವು ಪ್ರತಿ ಸಂಚಿಕೆಯಲ್ಲೂ ಬರೆಯುತ್ತೇವೆ. ಸಾಲಿನ ಕೊನೆಯಲ್ಲಿ ನಿಂತವರ ಕ್ಯಾನಿಗೆ ಆ ಮಾತು ತಲುಪುವುದೇ ತಡವಾದರೆ? ಮೊಳಕಾಲ್ಮೂರಿನ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸಂಜೆಯ ಸರದಿಯನ್ನು ನೆನಪಿಸಿಕೊಳ್ಳಿ. ಕಾಯಿಸಿದ್ದು ಕಂಪ್ಯೂಟರ್, ಹಾಲು ಹುಳಿಯಾಯಿತೆಂದು ವಾಪಸಾದದ್ದು ನಿಮ್ಮ ಕ್ಯಾನ್ ಆದರೆ ಅದು ನ್ಯಾಯವಲ್ಲ.

ತಂತ್ರಾಂಶ ಬರೆಯುವವರು ಇಷ್ಟನ್ನು ಯೋಚಿಸುವುದಿಲ್ಲವೇ ಎಂದು ಕೇಳಬಹುದು. ಇದು ಅವರ ಲೋಕದ ಹಳೆಯ ಕಾಯಿಲೆ. ದೂರದ ಯಂತ್ರದಲ್ಲಿ ನಡೆಯುವ ಕೆಲಸವನ್ನೂ ಇದೇ ಯಂತ್ರದಲ್ಲಿ ನಡೆಯುವ ಕೆಲಸದಂತೆಯೇ ಒಂದೇ ಸಾಲಿನಲ್ಲಿ ಬರೆಯುವ ವಿಧಾನವನ್ನು ಅಮೆರಿಕದಲ್ಲಿದ್ದ ಆಂಡ್ರೂ ಬಿರೆಲ್ ಮತ್ತು ಬ್ರೂಸ್ ನೆಲ್ಸನ್ ಎಂಬವರು 1984ರಲ್ಲಿ ಒಂದು ಪ್ರಬಂಧದಲ್ಲಿ ವಿವರಿಸಿದರು. ಬಹಳ ಅನುಕೂಲವಾದ ವಿಧಾನ, ಇಂದಿಗೂ ಎಲ್ಲೆಡೆ ಬಳಕೆಯಲ್ಲಿದೆ. ಆದರೆ ಅನುಕೂಲದ ಜೊತೆಗೆ ಒಂದು ಮರೆವೂ ಬಂತು. ಬರೆಯುವವರ ಕಣ್ಣಿಗೆ ದೂರ ಕಾಣದಾಯಿತು. ಸನ್ ಮೈಕ್ರೋಸಿಸ್ಟಮ್ಸ್ ಕಂಪನಿಯಲ್ಲಿದ್ದ ಪೀಟರ್ ಡಾಯ್ಚ್ 1994ರಲ್ಲಿ ಇಂಥ ತಂತ್ರಾಂಶ ಬರೆಯುವವರು ನಂಬಿ ಕೆಡುವ ಸುಳ್ಳುಗಳ ಪಟ್ಟಿಯೊಂದನ್ನು ಮಾಡಿದರು. ಜಾಲ ಎಂದೂ ಕೈಕೊಡುವುದಿಲ್ಲ ಎಂಬುದು ಮೊದಲನೆಯದು. ಉತ್ತರ ಬರಲು ಹೊತ್ತೇ ಹಿಡಿಯುವುದಿಲ್ಲ ಎಂಬುದು ಎರಡನೆಯದು. ಪಕ್ಕದ ಕೋಣೆಯ ಸರ್ವರಿನ ಮೇಲೆ ಪರೀಕ್ಷೆ ಮಾಡಿ "ಚೆನ್ನಾಗಿ ಓಡುತ್ತಿದೆ" ಎಂದ ತಂತ್ರಾಂಶ ರಾಂಪುರಕ್ಕೋ ಪರಶುರಾಂಪುರಕ್ಕೋ ಬಂದಾಗ ಮಂಡಿಯೂರುವುದು ಇದಕ್ಕೇ.

ಹಾಲಿನ ದಾರಿಯಲ್ಲೇ ಉತ್ತರ ಇದೆ

ನಿಮ್ಮ ಹಾಲು ಡೇರಿಗೆ ಹೋಗುವ ರೀತಿಯನ್ನೇ ನೋಡಿ. ಒಬ್ಬೊಬ್ಬರ ನಾಲ್ಕು ಲೀಟರ್ ಹಾಲನ್ನೂ ಬೇರೆ ಬೇರೆ ಬೈಕಿನಲ್ಲಿ ಡೇರಿಗೆ ಕಳಿಸಿ, ಅದು ತಲುಪಿತು ಎಂಬ ಸುದ್ದಿ ಬಂದ ಮೇಲೆಯೇ ಮುಂದಿನವರ ಹಾಲು ಅಳೆಯುತ್ತೇವೆ ಎಂದರೆ ಊರೇ ನಗುತ್ತದೆ. ನಾವು ಏನು ಮಾಡುತ್ತೇವೆ? ಹಾಲನ್ನು ಊರಿನಲ್ಲೇ ಅಳೆಯುತ್ತೇವೆ, ಊರಿನಲ್ಲೋ ಪಕ್ಕದ ಊರಿನಲ್ಲೋ ಇರುವ ಬಿಎಂಸಿಯಲ್ಲಿ ತಂಪು ಮಾಡಿ ಇಡುತ್ತೇವೆ, ಟ್ಯಾಂಕರ್ ಬಂದಾಗ ಎಲ್ಲರದ್ದನ್ನೂ ಒಟ್ಟಿಗೆ ಕಳಿಸುತ್ತೇವೆ. ದೂರ ಅಷ್ಟೇ ಇದೆ, ಓಡಾಟ ಮಾತ್ರ ನೂರಿಪ್ಪತ್ತರಿಂದ ಒಂದಕ್ಕೆ ಇಳಿಯಿತು.

ಲೆಕ್ಕದ ವಿಷಯದಲ್ಲೂ ಇದನ್ನೇ ಮಾಡಬಹುದು. ಸದಸ್ಯರ ಹೆಸರು, ಸಂಖ್ಯೆ ದಿನವೂ ಬದಲಾಗುವುದಿಲ್ಲ, ಅದು ಊರಿನ ಯಂತ್ರದಲ್ಲೇ ಇರಲಿ. ದರಪಟ್ಟಿ ಒಕ್ಕೂಟ ಬದಲಿಸಿದಾಗ ಮಾತ್ರ ಬದಲಾಗುತ್ತದೆ, ಅದೂ ಹಿಂದಿನ ರಾತ್ರಿಯೇ ಬಂದು ಕೂತಿರಲಿ. ಆಗ ಹಾಲು ಸುರಿದ ಕ್ಷಣವೇ ಪುಟ್ಟ ಯಂತ್ರ ತಾನೇ ಲೆಕ್ಕ ಹಾಕಿ ಚೀಟಿ ಕೊಡುತ್ತದೆ. ಸರ್ವರನ್ನು ಕೇಳುವ ಮಾತೇ ಇಲ್ಲ. ಸರದಿ ಮುಗಿದ ಮೇಲೆ ಎಲ್ಲ ಚೀಟಿಗಳ ಲೆಕ್ಕವನ್ನು ಒಂದೇ ಗಂಟು ಕಟ್ಟಿ ಕಳಿಸುತ್ತದೆ. ಅಥವಾ ಸರದಿ ನಡೆಯುತ್ತಿರುವಾಗಲೇ ಹಿನ್ನೆಲೆಯಲ್ಲಿ ಒಂದೊಂದಾಗಿ ಕಳಿಸುತ್ತಾ, ಉತ್ತರಕ್ಕೆ ಕಾಯದೆ ಮುಂದಿನವರ ಹಾಲು ಅಳೆಯುತ್ತಾ ಇರುತ್ತದೆ. ಒಂದು ಹಸುವಿಗೆ ಹಿಂಡಿ ಇಟ್ಟು, ಅದು ತಿನ್ನುವ ತನಕ ಸುಮ್ಮನೆ ನಿಲ್ಲದೆ ಇನ್ನೊಂದರ ಕೆಚ್ಚಲು ತೊಳೆಯುವುದಿಲ್ಲವೇ, ಹಾಗೆ.

ಸಣ್ಣದಾದರೂ ಬಹಳ ಹೊತ್ತು ಉಳಿಸುವ ಇನ್ನೊಂದು ಸಂಗತಿಯಿದೆ. ಎರಡು ಕಂಪ್ಯೂಟರುಗಳು ಮಾತು ಶುರು ಮಾಡುವ ಮೊದಲು "ಇದ್ದೀಯಾ?" "ಇದ್ದೇನೆ, ನೀನು ಯಾರು?" "ನಾನು ಇಂಥವನು, ಗುರುತು ಇಗೋ" ಎಂದು ಒಂದೆರಡು ಸಲ ಹೋಗಿಬರಬೇಕು. ಕೆಲಸದ ಮಾತು ಆಮೇಲೆ. ಯಾರ ಮನೆಗಾದರೂ ಹೋದರೆ "ಬನ್ನಿ, ಕೂತ್ಕೊಳ್ಳಿ, ನೀರು ಕುಡೀರಿ" ಆದ ಮೇಲೆ ತಾನೇ ಬಂದ ವಿಷಯ ಬರುವುದು? ಒಂದು ಸಲವಾದರೆ ಸರಿ. ಪ್ರತಿ ಚೀಟಿಗೂ ಬಾಗಿಲು ಹಾಕಿ ಮತ್ತೆ ತಟ್ಟಿ ಮತ್ತೆ ನೀರು ಕುಡಿದು ಕೂತರೆ ಬೆಳಗಾಗುವುದೇ ಇಲ್ಲ. ಸರದಿ ಮುಗಿಯುವ ತನಕ ಬಾಗಿಲು ತೆರೆದೇ ಇಡುವಂತೆ ತಂತ್ರಾಂಶ ಬರೆಯಬಹುದು. ಇದಕ್ಕೆ ಹೊಸ ಯಂತ್ರವೂ ಬೇಡ, ಹೊಸ ಸಿಮ್ಮೂ ಬೇಡ.

ಬ್ರಹ್ಮಗಿರಿಯ ಬಂಡೆ

ದೂರದ ಮಾತನ್ನು ಹತ್ತಿರ ತಂದಿಡುವ ಉಪಾಯ ಮೊಳಕಾಲ್ಮೂರು ತಾಲ್ಲೂಕಿಗೆ ಹೊಸದಲ್ಲ. ನಮ್ಮ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿರುವುದು ನಿಮಗೆ ಗೊತ್ತು. ಬಿ.ಎಲ್. ರೈಸ್ ಅವರು 1892ರಲ್ಲಿ ಇವನ್ನು ಬೆಳಕಿಗೆ ತಂದರು. ಶಾಸನದ ಆರಂಭದಲ್ಲೇ ಮಾತು ಬಂದ ದಾರಿ ಇದೆ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು ಇಸಿಲದ ಮಹಾಮಾತ್ರರಿಗೆ ಕ್ಷೇಮ ಕೇಳಿ, ದೊರೆಯ ಮಾತನ್ನು ತಲುಪಿಸುತ್ತಾರೆ. ಪಾಟಲಿಪುತ್ರ ಎಲ್ಲಿ, ಇಸಿಲ ಎಲ್ಲಿ! ಪ್ರತಿ ಸಂದೇಹಕ್ಕೂ ಅಲ್ಲಿಗೆ ಆಳು ಕಳಿಸಿ ಉತ್ತರ ಬರುವ ತನಕ ಕೂತಿರಲು ಆಗುತ್ತಿತ್ತೇ? ನಡುವೆ ಸುವರ್ಣಗಿರಿಯಲ್ಲಿ ಒಂದು ಅಧಿಕಾರದ ಕೇಂದ್ರ, ಇಸಿಲದಲ್ಲಿ ಇನ್ನೊಂದು, ಜನ ಓಡಾಡುವ ಕಡೆ ಬಂಡೆಯ ಮೇಲೆ ಮಾತಿನ ಪ್ರತಿ. ಅದೂ ಒಂದಲ್ಲ, ಹತ್ತಿರ ಹತ್ತಿರದಲ್ಲೇ ಮೂರು ಕಡೆ.

ಇಂದು ಕಂಪ್ಯೂಟರಿನವರು ಮಾಡುವುದೂ ಇದನ್ನೇ. ಒಂದೇ ಮಾಹಿತಿಯ ಪ್ರತಿಗಳನ್ನು ಬಳಸುವವರ ಹತ್ತಿರ ಹತ್ತಿರ ಇಡುತ್ತಾರೆ. ಕೇಳುವವರು ದೂರ ಹೋಗಬೇಕಿಲ್ಲ, ಒಂದು ಪ್ರತಿ ಹಾಳಾದರೂ ಇನ್ನೊಂದು ಉಳಿಯುತ್ತದೆ.

ಆದರೆ ಬಂಡೆಗೆ ಒಂದು ದೋಷವಿದೆ, ಅದನ್ನೂ ಹೇಳಬೇಕು. ಪಾಟಲಿಪುತ್ರದಲ್ಲಿ ದೊರೆ ಮನಸ್ಸು ಬದಲಿಸಿದರೆ ಬ್ರಹ್ಮಗಿರಿಯ ಬಂಡೆಗೆ ಅದು ತಿಳಿಯುವುದಿಲ್ಲ. ಊರಿನ ಯಂತ್ರದಲ್ಲಿ ಇಟ್ಟ ದರಪಟ್ಟಿಗೂ ಇದೇ ಅಪಾಯ. ಒಂದನೇ ತಾರೀಖಿನಿಂದ ದರ ಏರಿದೆ, ಆದರೆ ಮೂರು ದಿನ ನೆಟ್‌ವರ್ಕ್ ಸಿಗದ ಊರಿನ ಯಂತ್ರ ಹಳೆಯ ಪಟ್ಟಿಯಲ್ಲೇ ಲೆಕ್ಕ ಹಾಕುತ್ತಿದೆ. ನಷ್ಟ ನಿಮ್ಮದು. ಹಾಗಾಗಿ ದರಪಟ್ಟಿಗೆ ಜಾರಿಗೆ ಬರುವ ತಾರೀಖು ಅಂಟಿಕೊಂಡಿರಬೇಕು, ಅದು ಮೊದಲೇ ಬಂದು ಯಂತ್ರದಲ್ಲಿ ಕೂತಿರಬೇಕು. ಯಾವ ಪಟ್ಟಿಯ ಪ್ರಕಾರ ಲೆಕ್ಕ ಹಾಕಿದೆ ಎಂಬುದು ದಾಖಲೆಯಲ್ಲಿ ಉಳಿಯಬೇಕು. ತಡವಾದರೂ ವ್ಯತ್ಯಾಸದ ಹಣವನ್ನು ಬಟವಾಡೆಯಲ್ಲಿ ಸರಿಪಡಿಸಲು ಬರುವುದು ಆ ದಾಖಲೆ ಇದ್ದರೆ ಮಾತ್ರ. ವೇಗ ಬೇಕೆಂದು ಪ್ರತಿ ಇಟ್ಟುಕೊಂಡವರು ಆ ಪ್ರತಿ ಹಳಸದಂತೆ ನೋಡಿಕೊಳ್ಳಲೂ ಬೇಕು. ಹಾಲಿನವರಿಗೆ ಇದಕ್ಕಿಂತ ಬಿಡಿಸಿ ಹೇಳಬೇಕಿಲ್ಲ.

ಚಳ್ಳಕೆರೆಯ ಆಕಾಶದಲ್ಲಿ

ಕಾಯುವುದಕ್ಕೆ ಆಗುವುದೇ ಇಲ್ಲ ಎಂಬಂಥ ಕೆಲಸಗಳೂ ಇವೆ. ಅವು ಹೇಗೆ ನಡೆಯುತ್ತವೆ ಎಂಬುದಕ್ಕೆ ಉದಾಹರಣೆ ಚಳ್ಳಕೆರೆ ಬಳಿಯೇ ಇದೆ. ಕಾವಲಿನಲ್ಲಿ ಎದ್ದ ಏರೋನಾಟಿಕಲ್ ಟೆಸ್ಟ್ ರೇಂಜ್‌ನ ರನ್‌ವೇ ಮೇಲೆ ಇಸ್ರೋದ ಪುಷ್ಪಕ್ ಎಂಬ ರೆಕ್ಕೆಯ ವಾಹನ ಮೂರು ಸಲ ಇಳಿದಿದೆ: 2023ರ ಏಪ್ರಿಲ್ 2, 2024ರ ಮಾರ್ಚ್ 22, 2024ರ ಜೂನ್ 23. (ಆ ಕಾವಲುಗಳಲ್ಲಿ ದನ, ಕುರಿ ಮೇಯಿಸುತ್ತಿದ್ದವರ ಮಾತು ಬೇರೆಯೇ ಇದೆ, ಅದಕ್ಕೆ ಇನ್ನೊಂದು ಸಂಚಿಕೆಯೇ ಬೇಕು.) ವಾಯುಪಡೆಯ ಚಿನೂಕ್ ಹೆಲಿಕಾಪ್ಟರ್ ಅದನ್ನು ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಹೊತ್ತೊಯ್ದು ಕೈಬಿಟ್ಟಿತು. ಅಲ್ಲಿಂದ ಮುಂದೆ ಒಳಗೆ ಚಾಲಕನಿಲ್ಲ. ವಾಹನ ತಾನೇ ದಾರಿ ತಿದ್ದಿಕೊಂಡು ರನ್‌ವೇಗೆ ಬಂತು. ಮೂರನೆಯ ಸಲ ಅದು ನೆಲ ಮುಟ್ಟಿದ್ದು ಗಂಟೆಗೆ 320 ಕಿ.ಮೀ.ಗೂ ಹೆಚ್ಚಿನ ವೇಗದಲ್ಲಿ.

ಆ ವೇಗ ಎಂದರೆ ಸೆಕೆಂಡಿಗೆ ಸುಮಾರು 89 ಮೀಟರ್. ಈಗ ಒಂದು ಮಾತು ಊಹಿಸಿ. ಪ್ರತಿ ತಿದ್ದುಪಡಿಗೂ ವಾಹನ ಭೂಸ್ಥಿರ ಉಪಗ್ರಹದ ಮೂಲಕ ದೂರದ ಕೇಂದ್ರವನ್ನು ಕೇಳಬೇಕಿತ್ತು ಎಂದಿಟ್ಟುಕೊಳ್ಳಿ. ಆ ಉಪಗ್ರಹ ಇರುವುದು ಸುಮಾರು 36,000 ಕಿ.ಮೀ. ಮೇಲೆ. ಪ್ರಶ್ನೆ ಮೇಲೇರಿ ಇಳಿಯಬೇಕು, ಉತ್ತರವೂ ಮೇಲೇರಿ ಇಳಿಯಬೇಕು. ಬೆಳಕಿನ ವೇಗದಲ್ಲೇ ಹೋದರೂ ಹತ್ತಿರ ಹತ್ತಿರ ಅರ್ಧ ಸೆಕೆಂಡ್. ಅಷ್ಟರಲ್ಲಿ ವಾಹನ 40 ಮೀಟರಿಗೂ ಮುಂದೆ ಹೋಗಿರುತ್ತದೆ, ಬಂದ ಉತ್ತರ ದಾಟಿಹೋದ ಜಾಗದ್ದಾಗಿರುತ್ತದೆ. ಈ ಅರ್ಧ ಸೆಕೆಂಡನ್ನು ಯಾವ ಇಂಜಿನಿಯರೂ ಕಡಿಮೆ ಮಾಡಲಾರರು. ಕೇಳದೆಯೇ ನಿರ್ಧರಿಸುವಷ್ಟು ಬುದ್ಧಿಯನ್ನು ವಾಹನದೊಳಗೇ ಇಡುವುದೊಂದೇ ದಾರಿ.

ಇನ್ನೊಂದು ದಾರಿಯನ್ನೂ ಇದೇ ರನ್‌ವೇ ತೋರಿಸಿದೆ. 2023ರ ಜೂನ್ 16ರಂದು ತಪಸ್ ಎಂಬ ಚಾಲಕರಹಿತ ವಿಮಾನ ಇಲ್ಲಿಂದ ಏರಿ ಕಾರವಾರದ ಕಡಲಿನತ್ತ ಹೋಯಿತು. ಕಾರವಾರದ ನೌಕಾನೆಲೆ ಇಲ್ಲಿಂದ 285 ಕಿ.ಮೀ. ದೂರ. ಅಲ್ಲಿ ಐಎನ್‌ಎಸ್ ಸುಭದ್ರಾ ಎಂಬ ಹಡಗಿನವರು ವಿಮಾನದ ನಿಯಂತ್ರಣವನ್ನು ತಮ್ಮ ಕೈಗೆ ತೆಗೆದುಕೊಂಡು 40 ನಿಮಿಷ ನಡೆಸಿದರು. ಆಮೇಲೆ ಅದು ವಾಪಸು ಬಂದು ಇಲ್ಲೇ ಇಳಿಯಿತು. ಅಂದರೆ ಕೆಲಸ ಎಲ್ಲಿ ನಡೆಯುತ್ತಿದೆಯೋ ಅದರ ಹತ್ತಿರ ಇರುವವರ ಕೈಗೆ ಲಗಾಮು ಕೊಡುವುದೂ ಒಂದು ದಾರಿ.

ಸಂಘದ ಪುಟ್ಟ ಯಂತ್ರಕ್ಕೆ ಇದರಲ್ಲಿ ಏನಿದೆ ಎಂದು ಕೇಳಬೇಡಿ. ಚೀಟಿ ಕೊಡುವ ನಿರ್ಧಾರ ಊರಿನಲ್ಲೇ ಆಗಬೇಕು ಎಂದು ನಾವು ಹೇಳುತ್ತಿರುವುದೂ ಅದನ್ನೇ.

ಉತ್ತರ ಬರಲಿಲ್ಲ ಎಂದರೆ ಕೆಲಸ ಆಗಲಿಲ್ಲ ಎಂದಲ್ಲ

ಈಗ ನಿಮ್ಮ ಹಣಕ್ಕೆ ನೇರವಾಗಿ ಸಂಬಂಧಿಸಿದ ಮಾತು. ಯಂತ್ರ ಲೆಕ್ಕ ಕಳಿಸಿತು, ಉತ್ತರ ಬರಲಿಲ್ಲ. ಏನಾಗಿರಬಹುದು? ಹೋಗುವಾಗಲೇ ದಾರಿಯಲ್ಲಿ ಕಳೆದಿರಬಹುದು. ಅಥವಾ ಸರ್ವರ್ ಬರೆದುಕೊಂಡು "ಆಯಿತು" ಎಂದು ಹೇಳಿ, ಆ ಉತ್ತರ ಬರುವಾಗ ಕಳೆದಿರಬಹುದು. ಸಂಘದಲ್ಲಿ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತದೆ, ಅದೇ ತಿರುಗುವ ಚಕ್ರ. ಫೋನ್‌ಪೇ, ಗೂಗಲ್‌ಪೇ ಮಾಡುವಾಗ "ಪೆಂಡಿಂಗ್" ಎಂದು ನಿಂತು, ಹಣ ಕಡಿತವಾಗಿ, ಅಂಗಡಿಯವರು "ನಮಗೆ ಬಂದಿಲ್ಲ" ಎಂದದ್ದು ನಿಮಗೂ ಆಗಿರಬಹುದು. ಅದೂ ಇದೇ ಗೊಂದಲ.

ಆಗ ಮನುಷ್ಯರು ಏನು ಮಾಡುತ್ತೇವೆ? ಮತ್ತೊಮ್ಮೆ ಒತ್ತುತ್ತೇವೆ. ಮೊದಲನೆಯದೇ ತಲುಪಿದ್ದರೆ ಈಗ ಒಂದೇ ಹಾಲಿಗೆ ಎರಡು ಲೆಕ್ಕ. ಖುಷಿ ಪಡಬೇಡಿ, ತಿಂಗಳ ಕೊನೆಯಲ್ಲಿ ಸಂಘ ಕಳಿಸಿದ ಹಾಲಿಗೂ ಚೀಟಿಗಳ ಮೊತ್ತಕ್ಕೂ ತಾಳೆಯಾಗದೆ ಕಾರ್ಯದರ್ಶಿಯ ಮೇಲೆ ಅನುಮಾನ ಬರುತ್ತದೆ, ಎಲ್ಲರ ಬಟವಾಡೆ ತಡವಾಗುತ್ತದೆ. ಒತ್ತದೇ ಬಿಟ್ಟರೋ, ಮೊದಲನೆಯದು ನಿಜವಾಗಿ ಕಳೆದಿದ್ದರೆ ನಿಮ್ಮ ಹಾಲು ಲೆಕ್ಕಕ್ಕೇ ಇಲ್ಲ.

ಇದಕ್ಕೆ ಮದ್ದು ಬಹಳ ಸರಳ. ಪ್ರತಿ ಚೀಟಿಗೂ ಊರಿನ ಯಂತ್ರವೇ ಒಂದು ಕ್ರಮಸಂಖ್ಯೆ ಹಾಕಬೇಕು: ಸಂಘದ ಸಂಖ್ಯೆ, ತಾರೀಖು, ಬೆಳಿಗ್ಗೆಯೋ ಸಂಜೆಯೋ, ಅದರ ಮೇಲೆ ಆ ಸರದಿಯ ಕ್ರಮಸಂಖ್ಯೆ. ಸದಸ್ಯರ ಸಂಖ್ಯೆಯೊಂದೇ ಸಾಲದು, ಏಕೆಂದರೆ ಒಂದೇ ಮನೆಯವರು ಒಂದೇ ಸರದಿಯಲ್ಲಿ ಎರಡು ಕ್ಯಾನ್ ಬೇರೆ ಬೇರೆ ಹೊತ್ತಿಗೆ ತರುವುದುಂಟು. ಸರ್ವರಿಗೆ ಅದೇ ಕ್ರಮಸಂಖ್ಯೆಯ ಚೀಟಿ ಹತ್ತು ಸಲ ಬಂದರೂ ಅದು ಒಂದೇ ಸಲ ಬರೆದುಕೊಂಡು, ಹತ್ತು ಸಲವೂ "ಆಯಿತು" ಎನ್ನಬೇಕು. ಇಷ್ಟಿದ್ದರೆ ಯಂತ್ರ ಹೆದರದೆ ಎಷ್ಟು ಸಲ ಬೇಕಾದರೂ ಮತ್ತೆ ಮತ್ತೆ ಕಳಿಸಬಹುದು. ಕಾಯುವುದನ್ನು ಬಿಟ್ಟು ಮುಂದೆ ಹೋಗುವ ಧೈರ್ಯ ಬರುವುದು ಈ ಸಂಖ್ಯೆಯಿಂದಲೇ. ನನ್ನ ಅಭಿಪ್ರಾಯ ಕೇಳಿದರೆ ಯಂತ್ರದ ಬಣ್ಣ, ದೊಡ್ಡ ಪರದೆ, ಮಾತಾಡುವ ಸ್ಪೀಕರ್ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದದ್ದು ಇದನ್ನೇ.

ನಿಮ್ಮ ಸಂಘದಲ್ಲಿ ಇದನ್ನು ವಿಚಾರಿಸಿ

ಮುಂದಿನ ಸಭೆಯಲ್ಲಿ ಕಾರ್ಯದರ್ಶಿಯವರನ್ನೋ ವಿಸ್ತರಣಾಧಿಕಾರಿಯವರನ್ನೋ ಒಂದು ಮಾತು ಕೇಳಿ: "ನೆಟ್‌ವರ್ಕ್ ಪೂರ್ತಿ ಹೋದ ದಿನ ನಮ್ಮ ಯಂತ್ರ ಚೀಟಿ ಕೊಡುತ್ತದಾ?" ಕೊಡುತ್ತದೆ ಎಂದರೆ ಲೆಕ್ಕ ಊರಿನಲ್ಲೇ ನಡೆಯುತ್ತಿದೆ. ಹಾಗಿದ್ದೂ ದಿನವೂ ಚಕ್ರ ತಿರುಗುತ್ತಿದ್ದರೆ ತೊಡಕು ಬೇರೆ ಕಡೆ ಇರಬಹುದು, ಪ್ರಿಂಟರ್, ಹಾಲು ಪರೀಕ್ಷಿಸುವ ಯಂತ್ರ, ಕೇಬಲ್ ನೋಡಿಸಬೇಕು. ಕೊಡುವುದಿಲ್ಲ ಎಂದರೆ ಪ್ರತಿ ಲೀಟರಿಗೂ ಸರ್ವರಿನ ಅಪ್ಪಣೆ ಬೇಕಾಗಿದೆ ಎಂದರ್ಥ. ಅದನ್ನು ಬದಲಿಸಿಕೊಡಲು ತಂತ್ರಾಂಶದವರನ್ನು ಕೇಳಬಹುದು, ಕೇಳಲೇಬೇಕು. ಬೇರೆ ಸಿಮ್ ಹಾಕಿಸಿ ನೋಡುವುದು ತಾತ್ಕಾಲಿಕ ಪರಿಹಾರ ಅಷ್ಟೇ.

ಸರ್ವರನ್ನು ಕೇಳಲೇಬೇಕಾದ ಕೆಲಸಗಳೂ ಇವೆ. ಹೊಸ ಸದಸ್ಯರ ಬ್ಯಾಂಕ್ ಖಾತೆ ಪರಿಶೀಲನೆ, ಆಧಾರ್ ಜೋಡಣೆ, ಪ್ರೋತ್ಸಾಹಧನದ ಖಾತೆಯ ತಿದ್ದುಪಡಿ, ಇವು ಊರಿನ ಯಂತ್ರ ತಾನೇ ನಿರ್ಧರಿಸುವ ವಿಷಯಗಳಲ್ಲ, ನಿರ್ಧರಿಸಲೂಬಾರದು. ಇಂಥವಕ್ಕೆ ಬೆಳಗಿನ ಸರದಿಯಲ್ಲಿ ನಿಲ್ಲಬೇಡಿ. ಹನ್ನೊಂದು ಗಂಟೆಯ ನಂತರ ಬನ್ನಿ, ಆಗ ಟವರಿನಲ್ಲೂ ಸರ್ವರಿನಲ್ಲೂ ಸಾಲು ಕರಗಿರುತ್ತದೆ.

ಮೊಬೈಲಿಗೆ ಎಸ್‌ಎಂಎಸ್ ತಡವಾಗಿ ಬಂದರೆ ಗಾಬರಿಯಾಗಬೇಡಿ. ಮೇಲೆ ಹೇಳಿದ ಹಾಗೆ ಲೆಕ್ಕ ಗಂಟು ಕಟ್ಟಿ ಹೋಗುವ ಸಂಘಗಳಲ್ಲಿ ಎಸ್‌ಎಂಎಸ್ ಸರದಿ ಮುಗಿದ ಮೇಲೆ ಬರುವುದು ಸಹಜ. ಕೈಯಲ್ಲಿರುವ ಚೀಟಿಯೇ ನಿಮ್ಮ ದಾಖಲೆ. ಸಂಜೆಯ ತನಕವೂ ಬರದಿದ್ದರೆ ಚೀಟಿ ತೋರಿಸಿ ವಿಚಾರಿಸಿ.

ಚೀಟಿಯ ಮೇಲಿನ ತಾರೀಖು ಮತ್ತು ಗಂಟೆಯನ್ನೂ ಒಮ್ಮೆ ನೋಡುವ ಅಭ್ಯಾಸ ಮಾಡಿಕೊಳ್ಳಿ. ಸರ್ವರನ್ನು ಕೇಳದೆ ಕೆಲಸ ಮಾಡುವ ಯಂತ್ರ ತನ್ನ ಗಡಿಯಾರವನ್ನೇ ನಂಬುತ್ತದೆ. ಒಳಗಿನ ಪುಟ್ಟ ಬ್ಯಾಟರಿ ಸತ್ತು ಗಡಿಯಾರ ಹಿಂದೆ ಬಿದ್ದರೆ ಇಂದಿನ ಹಾಲು ನಿನ್ನೆಯ ಲೆಕ್ಕಕ್ಕೆ ಸೇರುತ್ತದೆ. ತಪ್ಪು ಕಂಡರೆ ಅಲ್ಲೇ, ಆಗಲೇ ಕಾರ್ಯದರ್ಶಿಗೆ ತೋರಿಸಿ. ಕಳಿಸುವ ಮೊದಲು ಯಂತ್ರ ಕೆಟ್ಟರೆ ಆ ಸರದಿಯ ಲೆಕ್ಕ ಉಳಿಯುವುದು ಇನ್ನೊಂದು ಪ್ರತಿ ಇದ್ದರೆ ಮಾತ್ರ. ಹಾಗಾಗಿ ಸರದಿ ಮುಗಿದ ಕೂಡಲೇ ಪೂರ್ತಿ ಪಟ್ಟಿಯನ್ನು ಮುದ್ರಿಸಿ ಇಡುವ ಅಥವಾ ಪೆನ್‌ಡ್ರೈವಿಗೆ ಹಾಕುವ ಪದ್ಧತಿ ಸಂಘದಲ್ಲಿರಲಿ, ಯುಪಿಎಸ್ ಬ್ಯಾಟರಿ ಚೆನ್ನಾಗಿರಲಿ.

ಕೊನೆಗೆ ಚೀಟಿಯ ಕಾಗದದ ಬಗ್ಗೆ. ಅದು ಶಾಖಕ್ಕೆ ಕಪ್ಪಾಗುವ ಕಾಗದ, ಅದರಲ್ಲಿ ಮಸಿ ಇರುವುದಿಲ್ಲ. ಬಿಸಿಲಿಗೆ, ಬೆವರಿದ ಜೇಬಿಗೆ ಬಿದ್ದರೆ ಅಕ್ಷರ ಮಾಸುತ್ತದೆ, ಒಲೆಯ ಪಕ್ಕದ ಶಾಖಕ್ಕೆ ಕಾಗದವೇ ಕಪ್ಪಾಗುತ್ತದೆ, ಬಟವಾಡೆ ಬರುವ ಹೊತ್ತಿಗೆ ಓದಲು ಏನೂ ಉಳಿದಿರುವುದಿಲ್ಲ. ಮನೆಗೆ ಬಂದ ಕೂಡಲೇ ಲೀಟರ್, ಜಿಡ್ಡು, ಎಸ್‌ಎನ್‌ಎಫ್, ದರ, ಕ್ರಮಸಂಖ್ಯೆ ಇಷ್ಟನ್ನು ಪಾಸ್‌ಬುಕ್ಕಿಗೋ ಒಂದು ನೋಟ್‌ಬುಕ್ಕಿಗೋ ಬರೆದುಕೊಳ್ಳಿ, ಇಲ್ಲವೇ ಫೋನಿನಲ್ಲಿ ಫೋಟೋ ತೆಗೆದುಕೊಳ್ಳಿ. ಬಟವಾಡೆಯ ಮೊತ್ತದಲ್ಲಿ ವ್ಯತ್ಯಾಸ ಕಂಡರೆ ಆ ಪುಟವನ್ನು ಹಿಡಿದುಕೊಂಡೇ ಸಂಘಕ್ಕೆ ಬನ್ನಿ.